ಚರ್ಚ್‌ಗೇಟ್ ಕಡೆ ಬಾಗಿದ ಹುಲ್ಲು

ನನ್ನನ್ನು ಈವರೆಗೆ ಎರಡು ಕೆಲಸಗಳಿಂದ ತೆಗೆದುಹಾಕಿದ್ದಾರೆ. ಎರಡು ಕಡೆಯೂ ಕಾರಣ ಒಂದೇ: ಮಾಲೀಕರು ಬಾಗಿಲಲ್ಲಿ ನಿಂತು, ಒಳಗಿನಿಂದ ಬರುತ್ತಿದ್ದ ತಮ್ಮದೇ ದನಿಯನ್ನು ಕೇಳಿಸಿಕೊಂಡದ್ದು. ಮಿಮಿಕ್ರಿ ಮಾಡುವವನಿಗೆ ಬೆನ್ನಿನಲ್ಲೂ ಒಂದು ಕಣ್ಣಿರಬೇಕು. ದೇವರು ನನಗೆ ಬಾಯಿಯನ್ನು ಮಾತ್ರ ಧಾರಾಳವಾಗಿ ಕೊಟ್ಟ.

ಮೂರನೆಯ ಕೆಲಸ ಮುಂಬೈಯ ಬೈಕುಲ್ಲಾದಲ್ಲಿ ಸಿಕ್ಕಿತು. ಬಿಲ್ಡರುಗಳಿಗೆ ಕಟ್ಟಡದ ಮಾಡೆಲ್ ಮಾಡಿಕೊಡುವ ವರ್ಕ್‌ಶಾಪ್ ಅದು. ಇನ್ನೂ ಪಾಯವೇ ತೋಡದ ನಲವತ್ತು ಮಾಳಿಗೆಯ ಟವರನ್ನು ಅಲ್ಲಿ ಸೊಂಟದೆತ್ತರಕ್ಕೆ ಕಟ್ಟಿ, ಕಿಟಕಿಗಳೊಳಗೆ ದೀಪ ಇಟ್ಟು, ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸುತ್ತಾರೆ. ಅದರ ಸುತ್ತ ಮರ ಅಂಟಿಸುವುದು ನನ್ನ ಪಾಲಿನ ಕೆಲಸ. ಸ್ಪಂಜನ್ನು ಹಸಿರು ಬಣ್ಣದ ಜೊತೆ ಮಿಕ್ಸಿಗೆ ಹಾಕಿ ಪುಡಿ ಮಾಡಿ, ಗೋಂದು ಹಚ್ಚಿದ ತಂತಿಯ ತುದಿಗೆ ಮೆತ್ತಿದರೆ ಮರ ಸಿದ್ಧ. ದಿನಕ್ಕೆ ನೂರು ಮರ. ಎಲ್ಲವೂ ಒಂದೇ ಎತ್ತರ, ಒಂದೇ ಹಸಿರು, ಶಾಲೆಯ ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳ ಹಾಗೆ. ಬಿಲ್ಡರಿಗೆ ಬೇಕಾದದ್ದೂ ಅದೇ. ಅವರು ಮಾರುವ ಮುಂಬೈನಲ್ಲಿ ಎಲೆ ಉದುರುವುದಿಲ್ಲ, ಕಾಗೆ ಕೂರುವುದಿಲ್ಲ.

ವರ್ಕ್‌ಶಾಪಿನ ಶೇಠ್ ಒಳ್ಳೆಯ ಮನುಷ್ಯ. ಅವರದೊಂದು ವಿಶೇಷ: ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಸಿಟ್ಟು ಹೆಚ್ಚಿದಷ್ಟೂ ಇಳಿದು ಕೊನೆಗೆ ಪಿಸುಮಾತಾಗುತ್ತದೆ. ನನ್ನಂಥವನಿಗೆ ಇಂಥ ದನಿ ಮದುವೆ ಊಟವಿದ್ದ ಹಾಗೆ. ಎಲೆ ಹಾಕಿದ ಮೇಲೆ ಎದ್ದು ಹೋಗಲು ಸಾಧ್ಯವೇ? ಒಂದು ಮಧ್ಯಾಹ್ನ ಅವರ ಕುರ್ಚಿಯಲ್ಲಿ ಕೂತು, ರಿಂಗಾದ ಅವರ ಫೋನನ್ನು ಎತ್ತಿ, ಅವರದೇ ಪಿಸುದನಿಯಲ್ಲಿ ಗಿರಾಕಿಯೊಬ್ಬರಿಗೆ “ನಿಮ್ಮ ಮಾಡೆಲ್ ನಾಳೆ ಖಂಡಿತ ತಗೊಂಡು ಹೋಗಿ” ಎಂದುಬಿಟ್ಟೆ. ಸುತ್ತಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿರಾಕಿ ಮಾತ್ರ ನಂಬಿದರು. ಮರುದಿನ ಟೆಂಪೋ ತಂದರು. ಅವರ ಟವರಿಗೆ ಇನ್ನೂ ತಾರಸಿಯೇ ಆಗಿರಲಿಲ್ಲ.

ಶೇಠ್ ನನ್ನನ್ನು ಕರೆದು ಹಿಂದಿಯಲ್ಲಿ ಪಿಸುಗುಟ್ಟಿದರು. “ಹೀರೋ, ಪಾರ್ಲೆಯಲ್ಲಿ ಒಬ್ಬರು ಆಟದ ರೈಲು ಇಟ್ಟುಕೊಂಡಿದ್ದಾರೆ. ಅದರ ಪಕ್ಕದಲ್ಲಿ ಗಿಡ ಬೇಕಂತೆ, ಅಸಲಿ ಕಾಣುವಂಥದ್ದು. ಇಲ್ಲಿ ಯಾರಿಗೂ ಆ ತಲೆನೋವು ಬೇಡ. ಅವರು ಒಪ್ಪಿದರೆ ನೀನು ಇಲ್ಲಿರುತ್ತಿ. ಒಪ್ಪದಿದ್ದರೆ ನಿನ್ನ ಮಾವನ ಹೋಟೆಲ್ಲಿಗೆ ಹೋಗು. ಅಲ್ಲಿ ಇಡ್ಲಿಯ ಮಿಮಿಕ್ರಿ ಮಾಡು.”

ಬೊರಿವಲಿ ಸ್ಟೇಷನ್ನಿನ ಹತ್ತಿರ ನನ್ನ ಸೋದರಮಾವನ ಹೋಟೆಲ್ ಇದೆ. ಆ ಇಡ್ಲಿ ತಿಂದೇ ಬೆಳೆದವನು ನಾನು, ಅದಕ್ಕೆ ಕೃತಘ್ನನಲ್ಲ. ಆದರೆ ಮಾವನಿಗೆ ನಗು ಬರುವುದಿಲ್ಲ. ಎರಡನೇ ಕೆಲಸ ಹೋದಾಗಲೇ ಅವರು ಅಮ್ಮನಿಗೆ ಹೇಳಿಯಾಗಿತ್ತು, “ಇನ್ನೊಂದು ಸಲ ಹೀಗಾದ್ರೆ ಹೋಟೆಲಿನ ಗಲ್ಲೆಗೆ ಕೂರಿಸುವ, ದುಡ್ಡು ಎಣಿಸ್ಲಿ. ಅಲ್ಲಿ ಬಾಯಿ ಮುಚ್ಚಿ ಕೂರುದು ತನ್ನಷ್ಟಕ್ಕೇ ಕಲೀತಾನೆ.” ಬೆಳಿಗ್ಗೆಯಿಂದ ಸಂಜೆವರೆಗೆ ನೂರಾರು ಗಿರಾಕಿಗಳು, ನೂರಾರು ದನಿಗಳು, ನಾನು ಬಾಯಿ ಮುಚ್ಚಿ ಕೂರುವುದು! ನನ್ನ ಮಟ್ಟಿಗೆ ಅದು ಜೈಲೇ. ಹಾಗಾಗಿ ನನ್ನ ಬಾಯಿಯ ಭವಿಷ್ಯವೆಲ್ಲ ಪಾರ್ಲೆಯ ಯಾರೋ ಒಬ್ಬರ ಆಟದ ರೈಲಿನ ಮೇಲೆ ನಿಂತಿತು.

ಅವರು ಕುಮಟಾ ಕಡೆಯ ಕೊಂಕಣಿ ಮನುಷ್ಯರು, ಎಪ್ಪತ್ತು ದಾಟಿದವರು. ಕೊಂಕಣಿಯಲ್ಲಿ ಹಿರಿಯರನ್ನು ಕರೆಯುವ ಹಾಗೆ ನಾನು ಮಾಮ್ ಎಂದೆ, ಅವರು ಒಪ್ಪಿಕೊಂಡರು. ಪಾರ್ಲೆಯಿಂದ ಲೋಕಲ್ ದಾರಿಯ ಕೊನೆಯ ಸ್ಟೇಷನ್ನಾದ ಚರ್ಚ್‌ಗೇಟಿಗೆ ಕೆಲಸದ ಜೀವನವಿಡೀ ಒಂದೇ ಕಿಟಕಿಯ ಪಕ್ಕ ಕೂತು ಹೋಗಿ ಬಂದವರು. ಒಂದು ಕೋಣೆಯ ತುಂಬ ಮೇಜು ಹಾಕಿ, ಅದರ ಮೇಲೆ ತಮ್ಮ ಆ ದಾರಿಯನ್ನೇ ಮಾಡಿಕೊಂಡಿದ್ದರು. ಜೋಡಿ ಹಳಿ, ಜಲ್ಲಿ, ಸಿಗ್ನಲ್ಲು, ಮೋರಿ, ಮೇಲಿನ ವಿದ್ಯುತ್ ತಂತಿ, ಎಲ್ಲವೂ ಅಚ್ಚುಕಟ್ಟು. ಗೇಣುದ್ದದ ಡಬ್ಬಿಗಳ ಲೋಕಲ್ ಗಾಡಿ ಸರಸರನೆ ಓಡುತ್ತಿತ್ತು. ಹಳಿ ಬಿಟ್ಟರೆ ಉಳಿದದ್ದೆಲ್ಲ ಬರಿ ಪ್ಲೈವುಡ್ಡು.

“ನೋಡು ತಮಾ,” ಅಂದರು, ನಡುಗುವ ಎರಡು ಕೈಗಳನ್ನು ಮುಂದೆ ಹಿಡಿದು. “ಹಳಿ ಹಾಕುವಾಗ ಈ ಕೈ ಸರಿ ಇತ್ತು. ಗಿಡದ ಹೊತ್ತಿಗೆ ಹೀಗಾಯ್ತು. ಚಿಮಟ ಹಿಡಿದ್ರೆ ಭೂಕಂಪ. ಗಾಡಿ ಓಡ್ತದೆ, ಆದ್ರೆ ಊಟದ ಮೇಜಿನ ಮೇಲೆ ಓಡಿದ ಹಾಗೆ ಕಾಣ್ತದೆ. ನಂಗೆ ಕಿಟಕಿಯಿಂದ ಕಂಡದ್ದು ಬೇಕು.”

ಅಷ್ಟೇ ತಾನೆ ಅಂದುಕೊಂಡೆ. ಎಷ್ಟೆಂದರೂ ದಿನಕ್ಕೆ ನೂರು ಮರ ಮಾಡುವವನು. ವಾರದಲ್ಲಿ ತಟ್ಟೆ ತುಂಬ ಮಾಡಿ ತಂದೆ: ಕೆಂಪು ಹೂ ತುಂಬಿದ ಗುಲ್‌ಮೊಹರ್, ನೆಟ್ಟಗೆ ನಿಂತ ತೆಂಗು, ದುಂಡಗೆ ಕತ್ತರಿಸಿದ ಪೊದೆ. ಮಾಮ್ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಅದರ ಹಿಂದೆ ಅವರ ಒಂದು ಕಣ್ಣು ಬಟಾಟೆ ವಡೆಯಷ್ಟಾಗಿತ್ತು.

“ಚಂದ ಉಂಟು,” ಅಂದರು ಮೆಲ್ಲಗೆ. “ಆದ್ರೆ ಈ ಕಿಟಕಿಯಲ್ಲಿ ನಾನು ಯಾವತ್ತೂ ಕೂತಿಲ್ಲ.”

ಬೈದಿದ್ದರೆ ಅದೇ ಬೈಗುಳದಲ್ಲಿ ಅವರ ಮಿಮಿಕ್ರಿ ಮಾಡಿಕೊಂಡು ಬದುಕುತ್ತಿದ್ದೆ. ಈ ಮಾತಿಗೆ ಏನು ಮಾಡುವುದು? ತಟ್ಟೆ ಎತ್ತಿಕೊಂಡು ಮನೆಗೆಂದು ಬೊರಿವಲಿ ಲೋಕಲ್ ಹತ್ತಿದೆ.

ಈಗ ನಮ್ಮ ಪಕ್ಕದ ಮನೆಯ ಕಾಕಾ ಬರಬೇಕು. ಕಾಕಾ ವಿಜಯಪುರದ ಕಡೆಯವರು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ನಿವೃತ್ತರಾದವರು. ಅಂದರೆ ಹಳಿಯುದ್ದಕ್ಕೂ ನಡೆದು, ಬೋಲ್ಟ್ ಬಿಗಿದು, ಜಲ್ಲಿ ಬಡಿದು, ಕಳೆ ಕಿತ್ತು ದಾರಿ ಕಾಯುವ ಕೆಲಸ. ನಮ್ಮ ಬಿಲ್ಡಿಂಗಿನಲ್ಲಿ ನಾನು ಮಿಮಿಕ್ರಿ ಮಾಡದವರು ಯಾರೂ ಇಲ್ಲ: ಸೆಕ್ರೆಟರಿ, ವಾಚ್‌ಮನ್, ನೀರು ಬಿಡುವವ, ನನ್ನ ಅಮ್ಮ. ಕಾಕಾರದ್ದು ನನ್ನ ಹಿಟ್ ಐಟಂ. ಯಾಕೆಂದರೆ ಕಾಕಾ ಮಾತಿನ ನಡುವೆ ತಟ್ಟನೆ ನಿಲ್ಲುತ್ತಾರೆ. ತಲೆ ಒಂದು ಕಡೆ ಓರೆ ಮಾಡಿ, ಕಣ್ಣು ಅರೆ ಮುಚ್ಚಿ, ಎರಡು ಮೂರು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಬಿಟ್ಟ ಶಬ್ದದಿಂದಲೇ ಮತ್ತೆ ಶುರು ಮಾಡುತ್ತಾರೆ. ಹಿಂದಿನ ವರ್ಷ ಸೊಸೈಟಿಯ ಗಣಪತಿ ಕಾರ್ಯಕ್ರಮದಲ್ಲಿ ಇದನ್ನು ಮಾಡಿ ತೋರಿಸಿ, “ನೆಟ್‌ವರ್ಕ್ ಹೋಗಿದೆ, ಕಾಕಾನನ್ನು ಬಂದ್ ಮಾಡಿ ಚಾಲೂ ಮಾಡಿ” ಅಂದಿದ್ದೆ. ಇಡೀ ಬಿಲ್ಡಿಂಗ್ ನಕ್ಕಿತು. ಮೊದಲ ಸಾಲಿನಲ್ಲಿ ಕೂತ ಕಾಕಾರೂ ನಕ್ಕರು. ಪಕ್ಕದಲ್ಲಿದ್ದ ಅವರ ಹೆಂಡತಿ, ಕಾಕಿ, ನಗಲಿಲ್ಲ. ಚಪ್ಪಾಳೆಯ ಗದ್ದಲದಲ್ಲಿ ನಾನದನ್ನು ಗಮನಿಸಿದೆ, ಗಮನಿಸದವನ ಹಾಗೆ ಇದ್ದೆ.

ಮಳೆ ಶುರುವಾಗಿತ್ತು. ಅಮ್ಮ ಕೆಸುವಿನೆಲೆಯ ಪತ್ರೊಡೆ ಮಾಡಿ, ಒಂದು ಡಬ್ಬಿ ಕಾಕಾರ ಮನೆಗೆ ಕೊಟ್ಟು ಬಾ ಅಂದಳು. ಡಬ್ಬಿ ಒಂದು ಕೈಯಲ್ಲಿ, ಮಾಮ್ ಬೇಡವೆಂದ ತಟ್ಟೆ ಇನ್ನೊಂದು ಕೈಯಲ್ಲಿ. ಯಾರಾದರೂ ಹೊಗಳಲಿ ಎಂಬ ಆಸೆ, ಇನ್ನೇನು?

ಕಾಕಾ ಪತ್ರೊಡೆ ಬಾಯಿಗಿಟ್ಟು ಕಣ್ಣು ಮುಚ್ಚಿದರು. “ಈ ಕೆಸು ಗಟಾರದ ಬಾಜೂಕ ಎಷ್ಟ ಕಿತ್ತೀನಿ ನಾ. ಇಷ್ಟ ರುಚಿ ಐತಿ ಅಂತ ಗೊತ್ತಿದ್ರ ಮನೀಗೆ ತರ್ತಿದ್ದೆ.” ಆಮೇಲೆ ತಟ್ಟೆ ನೋಡಿದರು. “ಇವು ಯಾ ಊರ ಗಿಡಲೇ ತಮ್ಮಾ?”

“ಇಲ್ಲಿಯವೇ ಕಾಕಾ. ಪಾರ್ಲೆ ಹಳಿ ಪಕ್ಕದ್ದು.”

“ಹಳಿ ಮಗ್ಗಲದ್ದ?” ಒಂದು ತೆಂಗನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. “ಮೂವತ್ತ ವರ್ಷ ಹಳಿ ಮಗ್ಗಲದ ಕಸಾ ಕಿತ್ತೀನಿ. ಒಂದ ಗಿಡಾನೂ ಇಷ್ಟ ಸ್ವಚ್ಛ ನೋಡಿಲ್ಲ. ಇವಕ್ಕೇನ್ ಎಣ್ಣೀ ಸ್ನಾನ ಮಾಡಿಸಿಯೇನು?”

ಒಳಗಿನಿಂದ ಕಾಕಿ ನಕ್ಕದ್ದು ಕೇಳಿಸಿತು. ನನ್ನ ಕಾರ್ಯಕ್ರಮಕ್ಕೆ ನಗದ ಕಾಕಿ, ನನ್ನ ತೆಂಗಿನ ಮರಕ್ಕೆ ನಕ್ಕರು.

ಮುಂದಿನ ಭಾನುವಾರ ಬೆಳಿಗ್ಗೆ ಮಳೆ ಬಿಡುವು ಕೊಟ್ಟಾಗ ಕಾಕಾ ನನ್ನನ್ನು ಪಾರ್ಲೆಗೆ ಕರೆದುಕೊಂಡು ಹೋದರು. ಹಳಿಗೆ ಇಳಿದು ಹತ್ತಿರದಿಂದ ನೋಡೋಣ ಅಂದೆ. ಕಾಕಾ ನನ್ನ ಕಾಲರ್ ಹಿಡಿದುಕೊಂಡರು. “ನಾ ಇಳದದ್ದು ಪಗಾರಕ್ಕ. ನೀ ಯಾತಕ್ಕ ಇಳೀತಿ? ಇಲ್ಲೇ ನಿಂತ ನೋಡು.” ಹಾಗೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ನೋಡಿದೆವು.

ಎಷ್ಟು ವರ್ಷ ಈ ದಾರಿಯಲ್ಲಿ ಓಡಾಡಿದ್ದೇನೋ, ಮೊಬೈಲ್ ಪರದೆಯಲ್ಲದೆ ಬೇರೇನೂ ನೋಡಿರಲಿಲ್ಲ. ಕಾಕಾ ಬೆರಳು ತೋರಿಸಿದಲ್ಲೆಲ್ಲ ಗಿಡ ಹುಟ್ಟಿತು. ಜಲ್ಲಿಯ ಅಂಚಿನಲ್ಲಿ ಬೂದು ಎಲೆಯ ಎಕ್ಕ. ಗಟಾರದ ಬದಿಗೆ ಕೆಸು. ಮೋರಿಯ ಗೋಡೆ ಸೀಳಿಕೊಂಡು ಬಂದ ಮೊಳದುದ್ದದ ಅರಳಿ. ಕಂಬವನ್ನು ಅಪ್ಪಿಕೊಂಡ ಬಳ್ಳಿ. ಆಚೆ ಔಡಲ. ಅಮ್ಮ ಅದನ್ನು ಹರಳಿನ ಗಿಡ ಅನ್ನುತ್ತಾಳೆ. ಚಿಕ್ಕಂದಿನಲ್ಲಿ ಮೂಗು ಹಿಡಿದು ಎಣ್ಣೆ ಕುಡಿಸುವಾಗ ಹೆಸರು ಯಾವುದಾದರೂ ರುಚಿ ಒಂದೇ ಆಗಿತ್ತು. ಯಾವ ಗಿಡವೂ ಪೂರ್ತಿ ಹಸಿರಿರಲಿಲ್ಲ. ಹಳಿಯ ಕಡೆಯ ಎಲೆಗಳ ಮೇಲೆ ಬ್ರೇಕಿನ ಕಂದು ಧೂಳು, ಆ ಕಡೆಯ ಎಲೆಗಳಲ್ಲಿ ಮಾತ್ರ ಮಳೆ ತೊಳೆದ ಬಣ್ಣ. ಬಾಳೆಯ ಎಲೆ ಗಾಡಿಯ ಗಾಳಿಗೆ ಹರಿದು ರಿಬ್ಬನ್ ಆಗಿತ್ತು.

“ಹುಲ್ಲ ನೋಡು,” ಅಂದರು ಕಾಕಾ. “ಯಾ ಕಡಿ ಬಗ್ಗೈತಿ?”

“ಆ ಕಡೆ.”

“ಚರ್ಚ್‌ಗೇಟ್ ಕಡಿ. ಈ ಹಳಿ ಮ್ಯಾಲ ಎಲ್ಲಾ ಗಾಡಿ ಅತ್ಲಾಗ ಹೋಗತಾವ, ಗಾಳಿ ಎಳಕೊಂಡ ಹೋಗತೈತಿ. ಆ ಹಳಿ ಬಾಜೂಕಿನ ಹುಲ್ಲ ಬೊರಿವಲಿ ಕಡಿ ಬಗ್ಗೈತಿ. ಕಣ್ಣ ಕಟ್ಟಿ ತಂದ ನಿಲ್ಲಸಿ ಕಟ್ಟ ಬಿಚ್ಚಿದ್ರೂ, ಹುಲ್ಲ ನೋಡಿ ಹೇಳತೀನಿ ಯಾ ಲೈನ್ ಅಂತ.”

ಈ ಊರಿನಲ್ಲಿ ಹುಲ್ಲಿಗೂ ಆಫೀಸಿಗೆ ತಡವಾಗಿರುತ್ತದೆ ಅಂದೆ. ಕಾಕಾ ನಗುತ್ತಾ, “ಹುಲ್ಲಿಗೆ ಹಾಜರಿ...” ಎನ್ನುತ್ತಿದ್ದವರು ತಟ್ಟನೆ ನಿಂತರು. ತಲೆ ಓರೆಯಾಯಿತು. ಕಣ್ಣು ಅರೆ ಮುಚ್ಚಿತು. ನನ್ನ ಹಿಟ್ ಐಟಂ! ನಗು ಗಂಟಲವರೆಗೆ ಬಂತು. ಅಷ್ಟರಲ್ಲಿ ನನ್ನ ಕಿವಿಗೆ ಏನೂ ಬೀಳುವ ಮೊದಲೇ ಕಾಕಾರ ಕೈ ನನ್ನ ಎದೆಯ ಮೇಲೆ ಬಂದು ನನ್ನನ್ನು ಎರಡು ಹೆಜ್ಜೆ ಹಿಂದಕ್ಕೆ ತಳ್ಳಿತು. ಆಮೇಲೆ ಸದ್ದು, ಆಮೇಲೆ ಫಾಸ್ಟ್ ಗಾಡಿ, ಮುಖಕ್ಕೆ ಬಡಿದ ಗಾಳಿ, ಹುಲ್ಲೆಲ್ಲ ಒಮ್ಮೆಗೇ ಚರ್ಚ್‌ಗೇಟ್ ಕಡೆ ಮಲಗಿದ್ದು. ಗಾಡಿ ದಾಟಿದ ಮೇಲೆ ಕಾಕಾ ಬಿಟ್ಟ ಶಬ್ದದಿಂದಲೇ ಮುಂದುವರಿಸಿದರು: “...ಹಾಕವರು ಯಾರು?”

ನಗು ಗಂಟಲಲ್ಲೇ ಉಳಿಯಿತು. ಅದನ್ನು ನುಂಗುವುದು ಹರಳೆಣ್ಣೆ ನುಂಗಿದ್ದಕ್ಕಿಂತ ಕಷ್ಟವಾಯಿತು.

ಆಮೇಲೆ ನಮ್ಮ ಮನೆ ಸಸಿತೋಟವಾಯಿತು. ಹಳೆ ವಿದ್ಯುತ್ ವೈರನ್ನು ಸುಲಿದು ಒಳಗಿನ ತಾಮ್ರದ ಎಳೆಗಳನ್ನು ಹೊಸೆದರೆ ಔಡಲದ ಕಾಂಡ. ಎಲೆಗೆ ತೆಳು ಕಾಗದ. ಅಕ್ಕಿ ಕಾಳಿನಷ್ಟು ಕತ್ತರಿಸಿ, ನಕ್ಷತ್ರದ ಹಾಗೆ ಕಚ್ಚು ಹಾಕಿ, ಚಿಮಟದಲ್ಲಿ ಹಿಡಿದು ಅಂಟಿಸುವುದು. ಒಂದು ಸೀನು ಬಂದರೆ ಒಂದು ಸಂಜೆಯ ಕೆಲಸ ಮಾಯ. ಬಾಳೆ ಎಲೆಯನ್ನು ಚೆನ್ನಾಗಿ ಮಾಡಿ ಆಮೇಲೆ ಬ್ಲೇಡಿನಿಂದ ಹರಿಯುವುದು. ಮಾಡುವುದಕ್ಕಿಂತ ಹರಿಯುವುದು ಕಷ್ಟ. ಹುಲ್ಲಿಗೆ ಕಾಲೊರಸುವ ಹಳೆ ನಾರಿನ ಚಾಪೆ. ಜೊಂಡಿಗೆ ಅಮ್ಮನ ಫೂಲ್‌ಝಾಡು.

“ಎಂತ ಮಾರಾಯ ಇದು?” ಅಮ್ಮ ಪೊರಕೆ ಎತ್ತಿ ತೋರಿಸಿದಳು. “ಮೊನ್ನೆ ತಂದದ್ದು. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ ಹಾಗೆ ಉಂಟಲ್ಲ!”

ಅದೇ ಪೊರಕೆಯಿಂದ ನನಗೆ ಎರಡು ಬಿತ್ತು. ಬೋಳಾಗಿದ್ದರಿಂದ ಸ್ವಲ್ಪ ಹೆಚ್ಚೇ ತಾಗಿತು.

ಕಾಕಾ ದಿನಾ ಸಂಜೆ ಬಂದು ಪರೀಕ್ಷೆ ಮಾಡುತ್ತಿದ್ದರು. “ಇದು ಬಾಳ ನೆಟ್ಟಗೈತಿ, ಸೊಂಟಾ ಬಗ್ಗಸು.” “ಇದಕ್ಕ ಹುಳಾ ಹತ್ತಿಲ್ಲ, ಎರಡ ತೂತ ಹಾಕು.” ಕಾಕಿ ಬಾಗಿಲಲ್ಲೇ ನಿಂತು, ಹಳಿ ಪಕ್ಕದ ಖಾಲಿ ಜಾಗದಲ್ಲಿ ಬೆಳೆಯುವ ಪಾಲಕ್ ಮಡಿಯ ಸಾಲು ಅಷ್ಟು ನೇರ ಇರುವುದಿಲ್ಲ, ನೀರು ಹೋದ ಕಡೆ ಮಡಿ ಹೋಗುತ್ತದೆ ಎಂದು ತಿದ್ದಿದರು. ನಾನು ಈ ಹಿಂದೆ ನೋಡುತ್ತಿದ್ದದ್ದು ಮನುಷ್ಯರ ಕೊಂಕನ್ನು ಮಾತ್ರ, ಅದೂ ನಗಿಸುವುದಕ್ಕೆ. ಈಗ ಒಂದೊಂದು ಗಿಡದ ಕೊಂಕಿಗೂ ಯಾಕೆ ಎಂದು ಕೇಳಿ ತಿಳಿದುಕೊಳ್ಳಬೇಕಾಗಿತ್ತು.

ಉಳಿದದ್ದು ಮಣ್ಣು. ಹಳಿಯ ಬದಿಯ ಮಣ್ಣು ಎಣ್ಣೆ, ಧೂಳು ಕುಡಿದು ಕಪ್ಪುಗಂದು ಬಣ್ಣದ್ದು. “ಮಣ್ಣಿಗೆ ಮಣ್ಣ ಹಾಕು,” ಅಂದರು ಕಾಕಾ. ನನಗೆ ಜಾಣತನ ಉಕ್ಕಿತು. ಹೋಟೆಲ್ ಮನೆತನದವನು, ಅದೇ ಬಣ್ಣದ್ದು ದಿನಕ್ಕೆ ಒಂದು ಬಕೆಟ್ ಮಾವನ ಹಿತ್ತಿಲಲ್ಲಿ ಬಿದ್ದಿರುತ್ತದೆಂದು ಬಲ್ಲವನು: ಚಹಾ ಸೋಸಿದ ಮೇಲೆ ಉಳಿಯುವ ಚರಟ. ತಂದು, ಒಂದು ಸಲ ನೀರಲ್ಲಿ ಜಾಲಿಸಿ, ಫ್ಯಾನ್ ಕೆಳಗೆ ಒಣಗಿಸಿದೆ. ಪ್ಲೈವುಡ್ಡಿನ ಚೂರೊಂದರ ಮೇಲೆ ಗೋಂದು ಬಳಿದು ಉದುರಿಸಿದರೆ, ಆಹಾ! ಕಾಕಾ ಮೂಸಿ ನೋಡಿ ಮುಖ ಹುಳ್ಳಗೆ ಮಾಡಿದರು. “ಕಾಕಾ, ಕಾಲ ಮುಂದುವರಿದಿದೆ” ಅಂದೆ.

ಎಲ್ಲವನ್ನೂ ಪಾರ್ಲೆಗೆ ಒಯ್ದು ನೆಟ್ಟ ದಿನ ಮಾಮ್ ಭೂತಗನ್ನಡಿ ಹಿಡಿದು ನೋಡಿದರು. ಗಾಡಿ ಓಡಿಸಿದರು, ಕುರ್ಚಿ ಎಳೆದುಕೊಂಡು ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಮತ್ತೆ ನೋಡಿದರು. “ಹದಿನೈದು ದಿನ ಇಟ್ಟು ನೋಡ್ತೆ,” ಅಂದರು. “ಆಮೇಲೆ ನಿಮ್ಮ ಶೇಠ್‌ಗೆ ಹೇಳ್ತೆ.” ನಾನು ಮನೆಗೆ ಬಂದು, ಮಾಮ್ ಕುರ್ಚಿ ಎಳೆದುಕೊಳ್ಳುವ ರೀತಿಯನ್ನು ಅಮ್ಮನಿಗೆ ಮಾಡಿ ತೋರಿಸಿದೆ. ಗೆದ್ದೆ ಅಂದುಕೊಂಡಿದ್ದೆ.

ಹತ್ತನೇ ದಿನಕ್ಕೆ ಫೋನ್ ಬಂತು. ಆ ಹತ್ತೂ ದಿನ ಮಳೆ ಹೊಡೆದಿತ್ತು.

“ತಮಾ, ಇಲ್ಲಿ ಹಿಮ ಬಿದ್ದಿದೆ.”

“ಎಲ್ಲಿ ಮಾಮ್?”

“ಪಾರ್ಲೆಯಲ್ಲಿ. ಬಂದು ನೋಡು.”

ಹೋಗಿ ನೋಡಿದರೆ ಹಳಿಯ ಎರಡೂ ಬದಿ ಬೆಳ್ಳಗೆ, ಹತ್ತಿಯಂತೆ ಬೂಸಲು. ನನ್ನ ಔಡಲ, ಎಕ್ಕ, ಪಾಲಕ್ ಮಡಿ ಎಲ್ಲ ಬಿಳಿ ಶಾಲು ಹೊದ್ದು ನಿಂತಿದ್ದವು. ಮೇಜಿನ ಕಾಲಿನಿಂದ ಹತ್ತಿದ ಕೆಂಪಿರುವೆಯ ಸಾಲು ಮೋರಿ ದಾಟಿ, ಸಿಗ್ನಲ್ ಲೆಕ್ಕಿಸದೆ ಚರ್ಚ್‌ಗೇಟ್ ಕಡೆ ಹೊರಟಿತ್ತು. ಕಾರಣ ನೋಡಿದ ಕೂಡಲೇ ಹೊಳೆಯಿತು. ನಮ್ಮ ಹೋಟೆಲಿನಲ್ಲಿ ಚಹಾ ಎಂದರೆ ಹಾಲು, ಸಕ್ಕರೆ, ಪುಡಿ ಎಲ್ಲ ಒಟ್ಟಿಗೆ ಕುದಿಯುವುದು. ನಾನು ಮಾಮ್‌ನ ರೈಲು ದಾರಿಗೆ ಹಾಕಿದ್ದು ಮಣ್ಣಲ್ಲ, ಪಾಯಸ. ಅದೇ ಹಿತ್ತಿಲಲ್ಲಿ, ಅದೇ ಚರಟದ ಬಕೆಟಿನ ಪಕ್ಕದಲ್ಲಿ, ಫಿಲ್ಟರ್ ಕಾಫಿಯ ಚರಟವೂ ಇರುತ್ತದೆ: ಹಾಲು ಸೋಕದ್ದು, ಸಕ್ಕರೆ ಮುಟ್ಟದ್ದು. ಹೋಟೆಲಿನವರ ಮನೆಯ ಮಗುವಿಗೂ ಗೊತ್ತಿರುವ ಈ ವ್ಯತ್ಯಾಸ ನನ್ನ ಜಾಣತನಕ್ಕೆ ಹೊಳೆದಿರಲಿಲ್ಲ.

ಬೈಕುಲ್ಲಾದಲ್ಲಿ ಶೇಠ್ ನನ್ನನ್ನು ಎದುರು ನಿಲ್ಲಿಸಿಕೊಂಡು ಮಾತಾಡಿದರು. ದನಿ ಎಷ್ಟು ಇಳಿದಿತ್ತೆಂದರೆ ತುಟಿ ನೋಡಿ ಓದಬೇಕಾಯಿತು. ಕೊನೆಯ ಶಬ್ದ ಮಾತ್ರ ತಿಳಿಯಿತು: “ಇತವಾರ್.” ಭಾನುವಾರದೊಳಗೆ ಸರಿಯಾಗದಿದ್ದರೆ ಸೋಮವಾರ ನಾನು ಬರಬೇಕಾಗಿಲ್ಲ.

ಕಾಕಾರ ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಯಾವ ದನಿಯಲ್ಲಿ ಮಾತಾಡಬೇಕೆಂದೇ ತಿಳಿಯಲಿಲ್ಲ. ನನ್ನದೆಂದು ಇರುವ ಒಂದು ದನಿಯಲ್ಲೇ ನಡೆದದ್ದನ್ನು ಹೇಳಿದೆ. ‘ನಾ ಹೇಳಿರಲಿಲ್ಲೇನು’ ಅಂತ ಕಾಕಾ ಅನ್ನುವರೆಂದು ಕಾದೆ. ಅವರು ಅದನ್ನು ಅನ್ನಲೇ ಇಲ್ಲ. “ಮಳಿಗಾಲದಾಗ ನಮ್ಮ ಲೈನ್ ಎಷ್ಟ ಸಲ ಕೊಚ್ಚಿಕೊಂಡ ಹೋಗೇತಿ,” ಅಂದರು. “ಕಿತ್ತೀವಿ, ಮತ್ತ ಹಾಕೀವಿ. ನಡಿ, ಮಣ್ಣ ತರೂಣು.” ಬಿಲ್ಡಿಂಗಿನ ಹಿಂದೆ ಗೋಡೆಯ ಮಗ್ಗುಲಿನ ಹಸಿ ಮಣ್ಣನ್ನು ಡಬ್ಬಿ ತುಂಬ ತಂದೆವು. ಹಸಿ ಮಣ್ಣು ಹಾಗೇ ಹಾಕಿದರೆ ಮತ್ತೆ ಬೂಸಲು. ಒಣಗಿಸಲು ಬಿಸಿಲಿಲ್ಲ. ಆಗ ಕಾಕಿ ರೊಟ್ಟಿ ಸುಡುವ ಹಳೆಯ ಕಬ್ಬಿಣದ ಹಂಚನ್ನು ಒಲೆಯ ಮೇಲಿಟ್ಟರು.

ಉಪ್ಪಿಟ್ಟಿಗೆ ರವೆ ಹುರಿದ ಹಾಗೆ ಮಣ್ಣು ಹುರಿದೆವು. ಮೊದಲು ಮಳೆಯ ವಾಸನೆ ಬಂತು, ಆಮೇಲೆ ಮಡಕೆಯ ವಾಸನೆ. ಕಾಕಿ ಸೌಟಿನಿಂದ ತಿರುವುತ್ತಾ, ನನ್ನ ಕಡೆ ನೋಡದೆ ಹೇಳಿದರು:

“ಅವರು ಮಾತ ನಿಲ್ಲಸಿ ಕಿವಿ ಕೊಡತಾರಲ್ಲ, ಅದಕ್ಕ ನನ್ನ ಕುಂಕುಮ ಉಳದೈತಿ. ಗಾಡಿ ಬಂದದ್ದು ಕೇಳದ ಎಷ್ಟ ಮಂದಿ ಹೋದ್ರು ಗೊತ್ತೈತೇನು ನಿನಗ? ರಿಟೈರ್ ಆಗಿ ಮನ್ಯಾಗ ಕುಂತ್ರೂ ಆ ರೂಢಿ ಬಿಟ್ಟಿಲ್ಲ. ಅದನ್ನ ನೀ ಸ್ಟೇಜ್ ಮ್ಯಾಲ ನಗಿ ಮಾಡಿದಿ.”

“ತಪ್ಪಾಯ್ತು ಕಾಕಿ,” ಅಂದೆ.

“ಹ್ಞಾ.” ಸೌಟನ್ನು ನನ್ನ ಕೈಗೆ ಕೊಟ್ಟರು. “ತಿರುವು, ಕೈ ಬಿಡಬ್ಯಾಡ. ತಳಾ ಹಿಡೀತೈತಿ.”

ಅಷ್ಟೇ. ಹತ್ತು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಒಂದು ಹಂಚು ಮಣ್ಣು ಹುರಿಯುವಷ್ಟರಲ್ಲಿ ಮುಗಿಸಿ, ಸಂಜೆಗೆ ನನಗೆ ಚಹಾ ಮಾಡಿಕೊಟ್ಟರು. “ಇದರ ಚರಟಾ ಒಯ್ಯತೀಯೇನು?” ಎಂದು ಕೇಳಿಯೇ ಕೊಟ್ಟರು.

ಶುಕ್ರವಾರ, ಶನಿವಾರ ಎರಡೂ ದಿನ ಪಾರ್ಲೆಯಲ್ಲಿ ಕೂತು ನನ್ನ ಗಿಡಗಳನ್ನು ನಾನೇ ಕಿತ್ತೆ, ಬೂಸಲು ಹಿಡಿದದ್ದನ್ನು ಕೆರೆದು ತೆಗೆದೆ, ಹುರಿದ ಮಣ್ಣನ್ನು ಬಟ್ಟೆಯಲ್ಲಿ ಸೋಸಿ ಹಾಕಿದೆ, ಮತ್ತೆ ನೆಟ್ಟೆ. ಮಾಮ್ ಪಕ್ಕದಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದುಕೊಡುತ್ತಿದ್ದರು. ತೆಗೆಯುವಾಗ ಅರ್ಧ ಮಣ್ಣು ಚೆಲ್ಲುತ್ತಿತ್ತು, ನಾವಿಬ್ಬರೂ ನೋಡದ ಹಾಗೆ ಇದ್ದೆವು. ಒಂದು ಎಕ್ಕದ ಗಿಡ ಮಾತ್ರ ಹೊಸದಾಗಿ ಮಾಡಿ ತಂದಿದ್ದೆ, ನನ್ನ ಕೈಯಿಂದ ಆದದ್ದರಲ್ಲೇ ಚೆನ್ನಾದದ್ದು: ಹಳಿಯ ಕಡೆ ಧೂಳು ಹಿಡಿದ ಬೂದು ಎಲೆ, ಸಾಸಿವೆಗಿಂತ ಸಣ್ಣ ನೇರಳೆ ಮೊಗ್ಗು. ಎಲ್ಲರಿಗೂ ಕಾಣಲಿ ಎಂದು ಜಲ್ಲಿಯೊಳಗೇ, ಹಳಿಗೆ ತಾಗುವಷ್ಟು ಹತ್ತಿರ ನೆಟ್ಟೆ. ಜಂಬ, ಬೇರೇನಲ್ಲ.

ಭಾನುವಾರ ಕಾಕಾರನ್ನು ಕರೆತಂದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮಾಮ್ “ಬನ್ನಿ, ಬನ್ನಿ” ಎಂದು ಕುರ್ಚಿ ಕೊಟ್ಟರು. ಕಾಕಾ ಕೂರಲಿಲ್ಲ. ಕನ್ನಡಕ ಏರಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನಡೆದರು. ಅಂಥ ನಡಿಗೆ ಅವರದೆಂದು ನಾನು ಅದುವರೆಗೆ ಕಂಡಿರಲಿಲ್ಲ. ಹಳಿಯ ಅಡಿಯ ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಟ್ಟವನ ಅಳತೆಯ ಹೆಜ್ಜೆ. ಮಾಮ್ ಗಾಡಿ ಬಿಟ್ಟರು. ಕಾಕಾ “ಮೋರಿ ಬಾಜೂಕ ಅರಳಿ...” ಎಂದವರು ನಿಂತರು, ತಲೆ ಓರೆ ಮಾಡಿದರು. ಗೇಣುದ್ದದ ಡಬ್ಬಿಗಳ ಗಾಡಿ ಅವರೆದುರು ಸರಸರನೆ ದಾಟಿತು. “...ಬಾಳ ಛಲೋ ಬಂದೈತಿ,” ಅಂದರು.

ಆಮೇಲೆ ಬಾಗಿದರು. ಬೆನ್ನ ಹಿಂದಿನ ಬಲಗೈ ಮುಂದೆ ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಬ್ಬೆರಳು, ತೋರುಬೆರಳು ನನ್ನ ಎಕ್ಕದ ಗಿಡದ ಬುಡ ಹಿಡಿದು, ಒಂದು ತಿರುವು ಕೊಟ್ಟು, ಕಿತ್ತು ಹಿಂದಕ್ಕೆ ಎಸೆಯಲು ಎತ್ತಿಯಾಗಿತ್ತು.

“ಜಲ್ಲಿಯೊಳಗ ಬೇರ ಇಳದ್ರ ನೀರ ನಿಂದರತೈತಿ, ಹಳಿ ಕುಂದರ...”

ಅಲ್ಲಿಗೆ ಅವರಿಗೆ ಎಚ್ಚರವಾಯಿತು. ಅಂಗೈ ಮೇಲಿನ ಗಿಡ ನೋಡಿದರು, ನನ್ನನ್ನು ನೋಡಿದರು. “ಅಯ್ಯ ಶಿವನ! ಇದು ನಿಂದಲ್ಲೋ ತಮ್ಮಾ!”

ಜಲ್ಲಿಯ ನಡುವೆ ಒಂದು ಸಣ್ಣ ಗುಂಡಿ, ಅದರ ಸುತ್ತ ಕೆದರಿದ ಕಾಕಿಯ ಹುರಿದ ಮಣ್ಣು. ನಾನು ಮಾಮ್ ಮುಖ ನೋಡಲಿಲ್ಲ. ಮಾವನ ಗಲ್ಲೆ ಕಣ್ಣೆದುರು ಬಂದು ನಿಂತಿತ್ತು.

ಮಾಮ್ ಭೂತಗನ್ನಡಿ ಹಿಡಿದು ಗುಂಡಿಯನ್ನು ನೋಡಿದರು. ಅವರ ಭುಜ ಅಲುಗತೊಡಗಿತು. ಕೈಯ ನಡುಕವೇ ಭುಜಕ್ಕೆ ಏರಿತೇನೋ ಎಂದು ನನಗೆ ಗಾಬರಿ. ಅಲ್ಲ, ನಗು. ಕಣ್ಣೊರೆಸಿಕೊಂಡು ಫೋನ್ ತೆಗೆದು, ನಡುಗುವ ಬೆರಳಿನಿಂದ ಮೂರು ಸಲ ತಪ್ಪಿ, ಕೊನೆಗೆ ಶೇಠ್‌ಗೆ ಹಚ್ಚಿ, ಸ್ಪೀಕರ್ ಹಾಕಿ, ಹಿಂದಿಯಲ್ಲಿ ಹೇಳಿದರು: “ನಿಮ್ಮ ಹುಡುಗ ಮಾಡಿದ ಗಿಡ ಇಲ್ಲೀಗ ಒಂದು ಕಡಿಮೆ ಆಗಿದೆ. ರೈಲ್ವೆಯವರು ಬಂದು ಕಿತ್ತುಹಾಕಿದರು.”

ಮಾಮ್ ನಡೆದದ್ದನ್ನೆಲ್ಲ ವಿವರಿಸಿದರು. ಆಗ ಶೇಠ್ ನಕ್ಕರು. ದೊಡ್ಡ ದನಿಯಲ್ಲಿ, ಕೆಮ್ಮು ಬರುವಷ್ಟು. ಆ ನಗು ನನಗೆ ಇವತ್ತಿಗೂ ಮಿಮಿಕ್ರಿ ಮಾಡಲು ಬಂದಿಲ್ಲ. “ಸೋಮವಾರ ಬೇಗ ಬರಲಿಕ್ಕೆ ಹೇಳಿ ಅವನಿಗೆ,” ಅಂದರು. ಪಿಸುಮಾತಲ್ಲ.

ಗುಂಡಿ ಮುಚ್ಚಿಕೊಡುತ್ತೇನೆ ಅಂದೆ. ಮಾಮ್ ಬಿಡಲಿಲ್ಲ. “ನನ್ನ ಕಿಟಕಿಯಿಂದ ಕೆಲಸದವರು ಕಿತ್ತು ಹೋದ ಜಾಗವೂ ಕಾಣ್ತಿತ್ತು,” ಅಂದರು. ಆಮೇಲೆ ಕಾಕಾರ ಕಡೆ ತಿರುಗಿ, “ಇನ್ನೂ ಎಲ್ಲಾದ್ರೂ ಇದ್ರೆ ನೋಡಿ,” ಎಂದು ಜಾಗ ಬಿಟ್ಟುಕೊಟ್ಟರು. ಕಾಕಾ ಸಂಕೋಚಪಡುತ್ತಲೇ ಇನ್ನೆರಡು ಕಿತ್ತರು. ಒಂದೊಂದೂ ನನ್ನ ಒಂದೊಂದು ಭಾನುವಾರ. ಅಷ್ಟು ಸಂತೋಷದಿಂದ ನಾನು ಯಾವ ನಷ್ಟವನ್ನೂ ನೋಡುತ್ತಾ ನಿಂತವನಲ್ಲ.

ವಾಪಸು ಬರುವಾಗ ಭಾನುವಾರವಾದ್ದರಿಂದ ಕಿಟಕಿ ಸೀಟು ಸಿಕ್ಕಿತು. ಕಾಕಾ ಕಿಟಕಿಗೆ, ನಾನು ಪಕ್ಕಕ್ಕೆ. ಎಕ್ಕದ ಗಿಡ ನನ್ನ ಪರ್ಸಿನಲ್ಲಿ, ಲೋಕಲ್ ಪಾಸಿನ ಹಿಂದೆ ಇತ್ತು. ಈಗಲೂ ಅಲ್ಲೇ ಇದೆ, ಎರಡು ಎಲೆ ಉದುರಿದೆ. ಹೊರಗೆ ಹುಲ್ಲು ನಮ್ಮ ಜೊತೆಗೇ ಬೊರಿವಲಿ ಕಡೆ ಬಾಗಿಕೊಂಡು ಬರುತ್ತಿತ್ತು.

“ತಮ್ಮಾ, ನಿನ್ನ ಎಕ್ಕದ ಗಿಡಾ...” ಎಂದು ಕಾಕಾ ನಿಂತರು. ತಲೆ ಓರೆಯಾಯಿತು.

ನಾನು ಕಾದೆ. ಎದುರಿನ ಗಾಡಿ ಧಡಧಡನೆ ದಾಟಿ ಹೋಯಿತು.

“...ಬೇರ ಹಿಡದಿತ್ತಲೇ,” ಅಂದರು. “ಕೀಳಾಕ ಜೋರ ಹಚ್ಚಬೇಕಾತು.”